ಹದಿನೈದು ಸೆಕೆಂಡು

“ಹದಿನಾಲ್ಕನೇ ನಂಬರಿಗೆ ಯಂಕವ್ವನ ಹೆಸರು ತಗದು ನಮ್ಮ ಚನ್ನೇಶನ ಹೆಸರು ಹಾಕ್ರಿ ಆಚಾರ್ರ,” ಎಂದು ಸಾವಕಾರ ಚನ್ನವೀರಪ್ಪ ಒಂದು ಹಾಳೆಯನ್ನು ಮೇಜಿನ ಮೇಲೆ ತಳ್ಳಿದ. “ಸೋಮವಾರದಿಂದ ಆಕಿ ಪ್ಯಾಕಿಂಗ್ ಶೆಡ್ಡಿಗೆ.”

ಹಿರೇಕೆರೂರಿನ ಆ ಬೀಜದ ಕಂಪನಿಯಲ್ಲಿ ಹಳೆಯ ಇಂಟರ್‌ಕಾಮ್ ಕಿತ್ತು, ಹೊಸ ಫೋನು ಕೂಡಿಸಿ, ಕೋಣೆಗೊಂದರಂತೆ ಹದಿನಾಲ್ಕು ಎಕ್ಸ್‌ಟೆನ್ಷನ್ ನಂಬರು ಹಂಚಿದವನು ಸವಣೂರಿನ ಈ ಕೌಸ್ತುಭ ಆಚಾರ್ಯನೇ. ಅದಾಗಿ ಒಂದು ತಿಂಗಳಾಗಿತ್ತು. ಈ ಹಾಳೆಯೂ ಅವನದೇ ಪ್ರತಾಪ. ಯಾರಿಗೆ ಎಷ್ಟು ಕರೆ ಬಂತು, ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂಬುದು ತಿಂಗಳ ಕೊನೆಗೆ ತಾನಾಗಿ ಅಚ್ಚಾಗಿ ಬರುವಂತೆ ಮಾಡಿಕೊಟ್ಟು ಸಾವಕಾರರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಹದಿನಾಲ್ಕನೇ ನಂಬರಿಗೆ ಬಂದ ಕರೆ ನಲವತ್ತಮೂರು. ಎತ್ತಿದ್ದು ಎರಡು.

“ಆಕಿ ಎತ್ತೂದಿಲ್ಲ, ಕರೆ ಪ್ಯಾಕಿಂಗಿಗೆ ಹಾರತೈತಿ,” ಎಂದ ಚನ್ನವೀರಪ್ಪ. “ಅಲ್ಲಿ ನಮ್ಮ ತಂಗಿ ಮಗ ಚನ್ನೇಶ ಅದಾನಲ್ಲ, ಒಂದ ರಿಂಗಿಗೆ ಎತ್ತತಾನ. ಈಗ ಹನ್ನೊಂದನೇ ಲಾಟು ಏನಾತು ಅಂತ ಕೇಳಾಕ ಮಾಡಿದ್ನಿ. ಎಲ್ಲಾ ಸರಿ ಐತ್ರಿ, ಲಾರಿಗೆ ಹೇರಾಕತ್ತೇವಿ ಅಂದ. ಮಂದಿ ಹಿಂಗ ಇರಬೇಕು.”

ಹೆಸರು ಬದಲಿಸಲು ಫೋನಿನ ತನಕ ಹೋಗುವ ಜರೂರು ಇರಲಿಲ್ಲ. ಆದರೆ ಫೋನೇ ಕೆಟ್ಟಿದ್ದರೆ ನಾಳೆ ಮಾತು ತನ್ನ ಮೇಲೆ ಬಂದೀತೆಂದು ಕೌಸ್ತುಭ ಹಿಂದುಗಡೆಯ ಮೊಳಕೆ ಕೋಣೆಗೆ ಹೋದ.

ಯಂಕವ್ವ ಇಪ್ಪತ್ತೆರಡು ವರ್ಷದಿಂದ ಆ ಕೋಣೆಯವಳು. ಒದ್ದೆ ಕಾಗದದಲ್ಲಿ ನೂರು ಗೋವಿನಜೋಳದ ಕಾಳು ಸುತ್ತಿಟ್ಟು, ವಾರದ ಮೇಲೆ ಬಿಚ್ಚಿ, ಎಷ್ಟು ಚೆನ್ನಾಗಿ ಮೊಳೆತಿವೆ ಎಂದು ಎಣಿಸುವುದು ಅವಳ ಕೆಲಸ. ಒಂದು ಲಾಟಿಗೆ, ಅಂದರೆ ಒಟ್ಟಿಗೆ ಮಾರುವ ಒಂದು ರಾಶಿ ಬೀಜಕ್ಕೆ, ಇಂಥ ನಾಲ್ಕು ಕಾಗದ. ನೂರಕ್ಕೆ ತೊಂಬತ್ತಾದರೂ ಮೊಳೆಯದಿದ್ದರೆ ಅದನ್ನು ಬಿತ್ತನೆ ಬೀಜವೆಂದು ಮಾರುವಂತಿಲ್ಲ. ಕೌಸ್ತುಭ ಹೊಸ್ತಿಲು ದಾಟುವಾಗಲೇ ಗೋಡೆಯ ಫೋನು ಬಡಿದುಕೊಂಡಿತು. ಯಂಕವ್ವ ತಲೆ ಎತ್ತಲಿಲ್ಲ. ತಡಿ ಎಂಬಂತೆ ಅವನತ್ತ ಎಡಗೈ ತೋರಿಸಿದಳು, ತುಟಿ ಅಲುಗುತ್ತಲೇ ಇತ್ತು. ಐದು ರಿಂಗಿಗೆ ಫೋನು ತಣ್ಣಗಾಯಿತು. ಅವಳು ಕೊನೆಯ ಮೊಳಕೆಯನ್ನೂ ಬದಿಗಿಟ್ಟು, ವಹಿಯಲ್ಲಿ ಬರೆದು, ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಂದು ಸುಮ್ಮನೆ ಅದನ್ನು ನೋಡಿದಳು.

“ಯಾಕ ಎತ್ತಲಿಲ್ರಿ ಯಂಕವ್ವಾ?”

“ನಡುವ ಎದ್ರ ಎಣಕಿ ತಪ್ಪತೈತಿ ತಮ್ಮಾ. ಮತ್ತ ಒಂದರಿಂದ ಹಿಡೀಬೇಕು. ಹಳೇ ಫೋನು ಪಾಪ, ಹದಿನಾರು ಹದಿನೇಳು ಸಲ ಹೊಡಕೊಂತಿತ್ತು. ಅಷ್ಟರಾಗ ಒಂದು ಕಾಗದ ಮುಗಿಸಿ ಎತ್ತತಿದ್ನಿ. ನಿನ್ನ ಫೋನಿಗೆ ಸಮಾಧಾನನ ಇಲ್ಲ.”

“ಸಾವಕಾರ್ರಿಗೆ ಹೇಳಬೇಕಿಲ್ಲೇನ್ರಿ ಇದನ್ನ?”

“ಹೇಳಿದ್ನಿ. ಹಾಳಿ ತೋರಿಸಿದ್ರು. ನನಗ ದಮ್ಮು ಐತಿ, ಶೆಡ್ಡಿನಾಗ ಬೀಜಕ್ಕ ಹಚ್ಚೋ ಔಷಧದ ಪುಡಿ ಮೂಗಿಗೆ ಹೊಕ್ರ ಉಸರು ಕಟ್ಟತೈತಿ ಅಂದ್ನಿ. ಮತ್ತ ಹಾಳಿ ತೋರಿಸಿದ್ರು.” ಅವಳು ತಿರುಗಿ ಹೋಗಿ ಕೂತು ಮುಂದಿನ ಕಾಗದ ಬಿಚ್ಚಿದಳು. “ಹೋಗು, ಇದೊಂದು ಉಳದೈತಿ.”

ಹದಿನೈದು ಸೆಕೆಂಡಿನಲ್ಲಿ ಎತ್ತದಿದ್ದರೆ ಕರೆ ಮುಂದಕ್ಕೆ ಹೋಗಲಿ ಎಂದು ಹದಿನಾಲ್ಕೂ ಫೋನಿಗೆ ಒಂದೇ ಅಳತೆ ಇಟ್ಟವನು ಕೌಸ್ತುಭನೇ. ಯಾರನ್ನೂ ಕೇಳಿರಲಿಲ್ಲ. ಸದ್ದಿಲ್ಲದೆ ಈಗ ಸರಿಮಾಡಿ ಸವಣೂರಿನ ಬಸ್ಸು ಹತ್ತಿಬಿಡಬಹುದು ಎಂದು ಒಂದು ಗಳಿಗೆ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

“ತಪ್ಪು ಯಂಕವ್ವಂದಲ್ರಿ ಸಾವಕಾರ್ರ, ನಂದು,” ಎಂದ ಆಫೀಸಿಗೆ ಬಂದು. “ಐದು ರಿಂಗಿಗೆ ಕರೆ ದಾಟಿಹೋಗೋ ಹಂಗ ನಾನ ಇಟ್ಟೀನಿ.”

“ಹಂಗಾರ ಹಾಳಿ ಸುಳ್ಳು ಹೇಳತೈತೇನು?”

“ಸುಳ್ಳು ಹೇಳಂಗಿಲ್ರಿ. ಆಕಿ ಎತ್ತಲಿಲ್ಲ ಅಂತ ಅಷ್ಟ ಹೇಳತದ. ನಾವು ಎಷ್ಟು ಕಾಯ್ದಿವಿ ಅಂತ ಹೇಳಂಗಿಲ್ಲ.”

ಅವನು ಲ್ಯಾಪ್‌ಟಾಪ್ ತೆಗೆದು ಹದಿನೈದು ಇದ್ದಲ್ಲಿ ಅರವತ್ತು ಮಾಡಿದ. ಚನ್ನವೀರಪ್ಪ ಒಲ್ಲದ ಮನಸ್ಸಿನಿಂದ ಹದಿನಾಲ್ಕು ಒತ್ತಿ ಸ್ಪೀಕರ್ ಹಾಕಿದ. ಐದು ರಿಂಗು ದಾಟಿತು. ಒಂಬತ್ತಕ್ಕೆ ಅವನು ಚಾವಣಿ ನೋಡಿದ. ಹದಿಮೂರಕ್ಕೆ “ಎಣಸ್ರಿ ಆಚಾರ್ರ, ನೀವೂ ಎಣಸ್ರಿ,” ಎಂದು ಚುಚ್ಚಿದ. ಹೊರಗೆ ಬೀಜ ಹೇರಿಕೊಂಡ ರಟ್ಟೀಹಳ್ಳಿಯ ಲಾರಿ ಸ್ಟಾರ್ಟ್ ಆಯಿತು. ಹದಿನೇಳನೇ ರಿಂಗಿಗೆ ಯಂಕವ್ವ ಎತ್ತಿದಳು.

“ಹನ್ನೊಂದನೇ ಲಾಟು ಸರಿ ಐತಲ್ಲ?” ಎಂದ ಚನ್ನವೀರಪ್ಪ.

“ಎಲ್ಲಿ ಸರಿ ಐತ್ರಿ ಸಾವಕಾರ್ರ? ನಾಕೂ ಕಾಗದ ಎಣಿಸೇನಿ. ನೂರಕ್ಕ ಎಂಬತ್ತನಾಕು.”

ಕುರ್ಚಿ ಹಿಂದಕ್ಕೆ ಬಿತ್ತು. ಇಪ್ಪತ್ತು ಹೆಜ್ಜೆಗೂ ಆಳು ಕಳಿಸುವ ಚನ್ನವೀರಪ್ಪ ಚಪ್ಪಲಿಯನ್ನೂ ಮೆಟ್ಟದೆ, ಲಾರಿಯವನ ಹೆಸರು ಹಿಡಿದು ಕೂಗುತ್ತ ಗೇಟಿನತ್ತ ಓಡಿದ. ಮೇಜಿನ ಮೇಲಿನ ಫೋನು “ಹಲೋ, ಅದೀರೇನ್ರಿ?” ಎಂದು ಎರಡು ಸಲ ಕೇಳಿತು.

ಕೌಸ್ತುಭ ಅದರತ್ತ ಬಾಗಿದ. “ಸಾವಕಾರ್ರು ಲಾರಿ ನಿಂದ್ರಸಲಿಕ್ಕೆ ಓಡ್ಯಾರ ಯಂಕವ್ವಾ. ಸ್ವಲ್ಪ ತಡೀರಿ.”

“ತಡೀತೇನಿ ತಗೋ ತಮ್ಮಾ,” ಎಂದಳು ಯಂಕವ್ವ. “ಸೋಮವಾರತನಕ ಇಲ್ಲೇ ಇರತೇನಲ್ಲ.”