ರಕ್ತ ಚೆನ್ನಾಗೈತೆ

"ಇವರ ರಕ್ತ ಮುಂಚೆ ಯಾವತ್ತಾದ್ರೂ ಪರೀಕ್ಷೆ ಮಾಡಿಸಿದ್ರಾ?" ಎಂದು ಡಾಕ್ಟರ್ ಸಂಘಮಿತ್ರ ಕೇಳಿದರು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಚಿಂತಾಮಣಿಗೆ ಬಂದು ನರದ ಕಾಯಿಲೆಯವರನ್ನು ನೋಡುತ್ತಿದ್ದವರು ಅವರು.

ಕೆಂಚಾರ್ಲಹಳ್ಳಿಯ ಮುನಿಗಂಗಪ್ಪ ಆ ಪ್ರಶ್ನೆಗೇ ಕಾಯುತ್ತಿದ್ದವನಂತೆ ಕುರ್ಚಿಯ ತುದಿಗೆ ಬಂದ. "ಮಾಡಿಸ್ದೆ ಇರ್ತೀನಾ ತಾಯಿ! ಹೋದ ವರ್ಷಾನೇ, ಇದೇ ಊರಲ್ಲಿ. ಸಕ್ಕರೆ ಇಲ್ಲ, ಏನೂ ಇಲ್ಲ, ರಕ್ತ ಚೆನ್ನಾಗೈತೆ ಅಂದ್ರು. ಊರಿಗೆಲ್ಲ ಹೇಳ್ಕೊಂಡು ಬಂದೆ." ಪಕ್ಕದಲ್ಲಿದ್ದ ಹೆಂಡತಿ ಗಂಗುಲಮ್ಮ, ಯಾರದೋ ಮನೆಯ ಸುದ್ದಿ ಕೇಳುವವಳ ಹಾಗೆ ನಕ್ಕಳು.

"ಯಾಕೆ ಮಾಡಿಸಿದ್ರಿ?"

"ಹುಳ ಕೆಡಿಸಿದ್ಲು."

ರೇಷ್ಮೆಹುಳ ಹಣ್ಣಾಗಿದೆಯೇ ಎಂದು ನೋಡಿ ಹೇಳುವುದರಲ್ಲಿ ಗಂಗುಲಮ್ಮನ ಕಣ್ಣೇ ಕಣ್ಣು. ಹುಳ ಸೊಪ್ಪು ಬಿಟ್ಟು, ಮೈ ಗಾಜಿನಂತಾದ ಹೊತ್ತಿಗೆ ಎತ್ತಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಅವಸರ ಮಾಡಿದರೂ ಕೆಟ್ಟಿತು, ತಡ ಮಾಡಿದರೂ ಕೆಟ್ಟಿತು. ಅಂಥವಳು ಆ ಬೆಳೆಯಲ್ಲಿ ಎಳೆಯ ಹುಳಗಳನ್ನೆಲ್ಲ ಚಂದ್ರಿಕೆಗೆ ಸುರಿದು, ಹಣ್ಣಾದವನ್ನು ಸೊಪ್ಪಿನಲ್ಲೇ ಬಿಟ್ಟಿದ್ದಳು. ತಮ್ಮನ ಮಗಳ ಮದುವೆಗೆ ಕಳಿಸಲಿಲ್ಲವಲ್ಲ, ಆ ಸಿಟ್ಟು ಇದು ಎಂದುಕೊಂಡ ಮುನಿಗಂಗಪ್ಪ. ಅವಳಿಗೇನೋ ಕಾಯಿಲೆ ಅನ್ನುತ್ತಿದ್ದ ಅಕ್ಕಪಕ್ಕದವರ ಬಾಯಿ ಮುಚ್ಚಿಸಲು ರಕ್ತ ಪರೀಕ್ಷೆ ಮಾಡಿಸಿದ. ಅದೂ ಚೆನ್ನಾಗಿದೆ ಅಂದಮೇಲೆ ಇನ್ನೇನು? ಹುಳದ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಸೆ ತನುಜಳಿಗೆ ಕೊಟ್ಟ. ಗಂಗುಲಮ್ಮ ದಿನವೂ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಒಳಗೆ ಹುಳ ಸೊಪ್ಪು ಮೇಯುವ ಸದ್ದು ಅಲ್ಲಿಗೆ ಕೇಳಿಸುತ್ತಿತ್ತು.

"ಈ ಮರೆವಿನ ಕಾಯಿಲೆ ಇಂಥ ರಕ್ತಪರೀಕ್ಷೆಯಲ್ಲಿ ಕಾಣಲ್ಲ ಮುನಿಗಂಗಪ್ಪ. ಇವತ್ತಿಗೂ ಕಾಣಲ್ಲ. ಮುಂದೊಂದು ದಿನ ಕಾಣಬಹುದು ಅಂತ ನಾವು ಇಂಥವರ ರಕ್ತ ಕೂಡಿಟ್ಟು ಹುಡುಕ್ತಾ ಇದ್ದೀವಿ."

ಮುನಿಗಂಗಪ್ಪನ ಮುಖ ಸಡಿಲವಾಯಿತು. "ಅಂದ್ರೆ ಆವತ್ತು ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅನ್ನಿ."

"ರಕ್ತ ನೋಡಿದ್ರೆ ಗೊತ್ತಾಗ್ತಿರ್ಲಿಲ್ಲ. ಅವರೇ ಏನಾದ್ರೂ ಹೇಳಿದ್ರಾ ಆಗ?"

ಅವನು ಟವಲನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಮತ್ತೆ ಹೆಗಲಿಗೆ ಹಾಕಿಕೊಂಡ.

"ಹೇಳಿದ್ಲು ತಾಯಿ. 'ಹಣ್ಣುಹುಳ ಯಾವ್ದು ಅಂತ ಗುರ್ತು ಸಿಕ್ತಿಲ್ಲ, ನಂಗೇನೋ ಆಗೈತೆ, ನೀನೇ ಒಂಚೂರು ನೋಡು' ಅಂತ ಕೈ ಹಿಡ್ಕೊಂಡ್ಲು. ನಾಟಕ ಆಡ್ಬೇಡ ಕಣೇ, ರಕ್ತ ಚೆನ್ನಾಗೈತೆ, ಅಂದೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಇವರದ್ದೂ ಒಂಚೂರು ರಕ್ತ ತಗೊಳ್ಳಲಾ? ಅದರಿಂದ ಇವರಿಗೆ ಉಪಯೋಗ ಇಲ್ಲ, ಮುಂದೆ ಬರೋರಿಗೆ ಆಗಬಹುದು. ಬೇಡ ಅಂದ್ರೆ ಬೇಡ" ಎಂದರು. ಗಂಗುಲಮ್ಮನ ಕಡೆ ತಿರುಗಿ, "ಕೊಡ್ತೀರಾ ಅಮ್ಮ?" ಎಂದು ಕೇಳಿದರು. ಅವಳು ಬಳೆ ತೊಡಿಸಿಕೊಳ್ಳುವವಳ ಹಾಗೆ ಕೈ ಚಾಚಿದಳು.

"ತಗೊಳ್ಳಿ," ಎಂದ ಮುನಿಗಂಗಪ್ಪ. "ಹೆಂಡ್ತಿ ಬಾಯಲ್ಲಿ ಬಂದ್ರೆ ನಂಬಲ್ಲ, ನನ್ನಂಥೋರಿಗೆ ಕಾಗದದಲ್ಲೇ ಬರ್ಬೇಕಲ್ಲ."

ರಕ್ತ ತೆಗೆದಾದ ಮೇಲೆ ನರ್ಸ್ ಹತ್ತಿಯ ಉಂಡೆಯೊಂದನ್ನು ತೋಳಿಗಿಟ್ಟು, ಒತ್ತಿ ಹಿಡಿಯಲು ಹೇಳಿದಳು. ಗಂಗುಲಮ್ಮ ಒತ್ತಲಿಲ್ಲ. ಆ ಬಿಳಿ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ, ಕೆಂಪು ಚುಕ್ಕೆಯನ್ನು ತಿರುಗಿಸಿ ನೋಡಿದಳು. ಗೂಡಿನೊಳಗಿನ ಹುಳ ಗಟ್ಟಿಯಾಗಿ ಗಲಗಲ ಎನ್ನುತ್ತದೆಯೇ ಎಂದು ನೋಡುವಾಗ ಮಾಡುವಂತೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮತ್ತೊಮ್ಮೆ ಅಲ್ಲಾಡಿಸಿದಳು. ಗೊತ್ತಾಗಲಿಲ್ಲವೇನೋ, ಗಂಡನ ಕಿವಿಯ ಹತ್ತಿರ ಹಿಡಿದಳು.

ಮುನಿಗಂಗಪ್ಪ ಕಣ್ಣು ಮುಚ್ಚಿ, ತಲೆ ಬಾಗಿಸಿ, ಕೇಳಿಸಿಕೊಂಡ.