ಹೆಸರು ಮುಚ್ಚಿದ ಪಟ್ಟಿ

ಯಂತ್ರದಿಂದ ಹೊರಬಂದ ಕಾಗದವನ್ನು ಇಸಿಜಿ ತೆಗೆಯುವ ಅಕ್ಕ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು. ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದವರು ಹೃದ್ರೋಗ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟರು. ಸಿಬ್ಬಂದಿಯೆಲ್ಲ ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಲೇಬೇಕಾದ ತಪಾಸಣೆ ಅದು.

"ಸರ್, ಒಂದ್ಸಲ ಇದನ್ನ ನೋಡಿ..."

"ನಿನ್ನ ಕೆಲಸ ಗೆರೆ ತೆಗೆಯೋದು. ಓದೋದಕ್ಕೆ ನಾವಿದ್ದೀವಿ." ಅವರು ಗೆರೆಗಳ ಕಡೆ ಕಣ್ಣೂ ಹಾಯಿಸದೆ ಅಂಚಿನಲ್ಲಿ 'ನಾರ್ಮಲ್' ಎಂದು ಬರೆದು, ಸಹಿ ಗೀಚಿ, ಗೋಡೆ ಹಿಡಿದುಕೊಂಡು ಹೊರಟರು. ಮೂರು ದಿನದಿಂದ ಅವರಿಗೆ ತಲೆ ಸುತ್ತುತ್ತಿತ್ತು. ಹೊಸ ಕನ್ನಡಕದ ದೋಷವೆಂದು ಅಂಗಡಿಯವನಿಗೆ ಬೈದು ಬಂದಿದ್ದರು.

ಇಪ್ಪತ್ತೆರಡು ವರ್ಷ ಗೆರೆ ತೆಗೆದವಳಿಗೆ ಗೆರೆ ಓದಲು ಬಾರದೆ ಇರುತ್ತದೆಯೇ? ಅಕ್ಕ ಓಡಿಹೋಗಿ ಕಿರಿಯ ಡಾಕ್ಟರಿಗೆ ತೋರಿಸಿದಳು. ಆತ ಸಹಿ ನೋಡಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವನಂತೆ ಕಾಗದ ಕೈಬಿಟ್ಟ. "ಅವರೇ ನಾರ್ಮಲ್ ಅಂದ್ಮೇಲೆ ನಾರ್ಮಲ್ಲೇ ಅಕ್ಕ."

ಇನ್ನು ಹತ್ತು ನಿಮಿಷಕ್ಕೆ ವಿದ್ಯಾರ್ಥಿಗಳಿಗೆ ದೊಡ್ಡ ಡಾಕ್ಟರ ಪಾಠ. ಅದಕ್ಕೆ ಇಸಿಜಿ ಕಾಗದದ ಪಟ್ಟಿಗಳನ್ನು ಆರಿಸಿ, ರೋಗಿಯ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಕೊಡುವುದು ಅವಳದೇ ಕೆಲಸ. ಅಂದು ಒಂದು ಪಟ್ಟಿಯಲ್ಲಿ ಷರಾ, ಸಹಿಗಳ ಮೇಲೂ ಅಂಟಿಸಿದಳು.

ಅದನ್ನು ಕೈಗೆತ್ತಿಕೊಂಡ ದೊಡ್ಡ ಡಾಕ್ಟರಿಗೆ ಎಲ್ಲಿಲ್ಲದ ಹುರುಪು ಬಂತು. "ನೋಡ್ರಪ್ಪಾ, ಹೃದಯದ ಮೇಲಿನ ಕೋಣೆ ಕೂಗ್ತಾನೇ ಇದೆ, ಕೆಳಗಿನದಕ್ಕೆ ಒಂದೂ ಕೇಳಿಸ್ತಿಲ್ಲ. ಎರಡೂ ತಮ್ಮ ಪಾಡಿಗೆ ತಾವು ಬಡ್ಕೋತಿವೆ. ಪೂರ್ತಿ ಹಾರ್ಟ್ ಬ್ಲಾಕ್! ಇವತ್ತೇ ಪೇಸ್‌ಮೇಕರ್ ಹಾಕದಿದ್ರೆ ಈ ಮನುಷ್ಯ ನಿಂತಲ್ಲೇ ಬಿದ್ದು ಹೋಗ್ತಾನೆ. ಯಾವ ವಾರ್ಡಲ್ಲಿದ್ದಾನೆ?"

"ಓಡಾಡ್ಕೊಂಡಿದ್ದಾರೆ ಸರ್," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ನಾರ್ಮಲ್ ಅಂತ ಬರೆದುಬಿಟ್ಟಿದ್ದಾರೆ."

"ಯಾವ ಕತ್ತೆ ಬರೆದದ್ದು?"

ಅಕ್ಕ ಮುಂದೆ ಬಂದು, ಮೊದಲು ಒಂದು ಕುರ್ಚಿ ಎಳೆದು ಅವರ ಹಿಂದೆ ಇಟ್ಟಳು. ಆಮೇಲೆ ಅಂಟಿಸಿದ್ದ ಕಾಗದ ಕಿತ್ತಳು.

ಹದಿನೈದು ದಿನದ ಮೇಲೆ ದೊಡ್ಡ ಡಾಕ್ಟರು ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು, ಗೋಡೆ ಹಿಡಿಯದೆ ಲವಲವಿಕೆಯಿಂದ ಕೆಲಸಕ್ಕೆ ಬಂದರು. ಬಂದವರೇ ನೋಟಿಸ್ ಬೋರ್ಡಿಗೆ ಒಂದು ಆದೇಶ ಹಚ್ಚಿಸಿದರು: ಇನ್ನು ಮುಂದೆ ಪಾಠದ ಪಟ್ಟಿಗಳ ಮೇಲೆ ಯಾರ ಹೆಸರನ್ನೂ ಮುಚ್ಚಕೂಡದು.