ಒಂಚೂರು ನಗು

"ಹಾವೆಲ್ಲ ಇರ್ಲಿ ಬಿಡಮ್ಮ, ಆದ್ರೆ ಮುಖ ಒಂಚೂರು ನಗ್ಬೇಕು. ಗಿರಾಕಿ ಬಾಗಿಲಲ್ಲೇ ಹೆದರಿ ಓಡಿದ್ರೆ ಊಟ ಯಾರು ಮಾಡ್ತಾರೆ?" ಎಂದು ಹೋಟೆಲ್ ಮಾಲೀಕರು ತಮ್ಮ ಮಾತಿಗೆ ತಾವೇ ನಕ್ಕರು.

ಚಿತ್ರ ಬರೆದವಳಿಗೆ ನಗು ಬರಲಿಲ್ಲ. ಗ್ರೀಕ್ ಪುರಾಣದ ಮೆಡೂಸಾ ಅದು. ಕೂದಲೆಲ್ಲ ಹಾವು, ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲು. ಮುಖ ಮಾತ್ರ ಅಲ್ಲೇ ಬಾಗಿಲಿಗೊರಗಿ ನಿಂತಿದ್ದ ಅಕ್ಕನದು. ದಿನವಿಡೀ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ನಕ್ಕು ನಕ್ಕು ದವಡೆ ನೋಯಿಸಿಕೊಂಡು ಬರುತ್ತಿದ್ದ ಅಕ್ಕ, "ನೀನಾದ್ರೂ ನಗು ಅನ್ಬೇಡ ಕಣೇ" ಎಂದು ಚಿತ್ರಕ್ಕೆ ತುಟಿ ಬಿಗಿದು ಕೂತಿದ್ದಳು. ಪೆನ್ಸಿಲಿನಲ್ಲಿ ಆ ತುಟಿಯನ್ನು ಹಿಡಿಯುವಷ್ಟರಲ್ಲಿ ತಂಗಿಗೆ ಸಾಕುಸಾಕಾಗಿತ್ತು. ಆದರೂ ತಂಗಿ ಬರೆದ ಚಿತ್ರವೊಂದನ್ನು ಕೊಳ್ಳಲೆಂದು ಮನೆತನಕ ಬಂದವರು ಇವರೇ ಮೊದಲಿಗರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ನಕ್ರೆ ಅವಳು ಮೆಡೂಸಾ ಆಗಲ್ಲ ಸರ್" ಎಂದಳು.

"ಅದೇನು ಬ್ರಹ್ಮವಿದ್ಯೆನಾ? ನೋಡಿಲ್ಲಿ!" ಮಾಲೀಕರು ಹೆಬ್ಬೆರಳನ್ನು ಬಾಯೊಳಗಿಟ್ಟು ಚೆನ್ನಾಗಿ ನೆನೆಸಿ, ಚಿತ್ರದ ತುಟಿಯಂಚಿಗೆ ಒತ್ತಿ ಮೇಲಕ್ಕೆ ಉಜ್ಜಿದರು. ಕಾಗದದ ಮೇಲೆ ಎಂಜಲು ಮಿನುಗಿತು. ಪೆನ್ಸಿಲಿನ ಕಪ್ಪು ಬಸವನಹುಳು ಹರಿದ ಜಾಡಿನಂತೆ ಕೆನ್ನೆಯವರೆಗೂ ಬಳಿದುಕೊಂಡಿತು.

"ಈಗ ಎಷ್ಟು ಲಕ್ಷಣವಾಗಿದ್ದಾಳೆ! ಕಟ್ಟಿ ಕೊಡಮ್ಮ."

"ಕೊಡಲ್ಲ. ಕೈ ತೆಗೀರಿ," ಎಂದಳು ತಂಗಿ.

"ಅಯ್ಯೋ, ಇನ್ನು ಇದನ್ನ ಬೇರೆ ಯಾರು ತಗೋತಾರೆ?"

ಬಾಗಿಲಲ್ಲಿದ್ದ ಅಕ್ಕ ಮುಂಗೈಯಿಂದ ತನ್ನ ತುಟಿಯನ್ನು ಒರೆಸಿಕೊಂಡಳು; ಸಾಲದೆಂಬಂತೆ ಮತ್ತೊಮ್ಮೆ, ಚರ್ಮ ಕೆಂಪಾಗುವಂತೆ ಒರೆಸಿಕೊಂಡಳು.